ಐದರ ಜೋಡಿ

ಭೀಮಣ್ಣ ಇಸ್ಪೀಟು ಆಡುವಾಗ ತನ್ನ ಎಲೆಗಳನ್ನು ಒಮ್ಮೆ ನೋಡಿ ಬೋರಲು ಹಾಕಿಬಿಡುತ್ತಿದ್ದ. ಆಮೇಲೆ ಅವನ ಕಣ್ಣೆಲ್ಲ ಎದುರಿನವನ ಮೇಲೆ. ಆಟ ಬಿಗಿಯಾದಾಗ ಪಕ್ಕದ ತಂಬಿಗೆ ಎತ್ತಿ, "ನೀರು ಕುಡೀರಿ" ಎಂದು ಮುಂದೆ ಹಿಡಿಯುತ್ತಿದ್ದ. ಅದು ಉಪಚಾರವಲ್ಲ. ಕುಡಿಯುವವನ ಕೈ ನಡುಗುತ್ತದೋ, ನೀರು ಅಂಗಿಯ ಮೇಲೆ ಚೆಲ್ಲುತ್ತದೋ ನೋಡುವ ಉಪಾಯ.

ಕೆಂಭಾವಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಮಾಸ್ತರನಾಗಿದ್ದೆ. ಶಾಲೆಯ ಗೋಡೆಗೆ ಹತ್ತಿಯೇ ಅವನ ಮನೆ. ಶಾಲೆ ಬಿಟ್ಟ ಮೇಲೆ ಅವನ ಅಂಗಳದಲ್ಲಿ ಮೂರೆಲೆ ಆಟ. ರೊಕ್ಕ ಇಡುವ ಹಾಗಿರಲಿಲ್ಲ. "ರೊಕ್ಕ ಇಟ್ರ ಮನಶ್ಯಾ ಹೆದರತಾನ್ರಿ. ಹೆದರಿದಾವನ ಕೂಡ ಆಡೋದ್ರಾಗ ಏನದ?" ಎನ್ನುತ್ತಿದ್ದ. ಸೋತವನು ಚಹಾ ಮಾಡಬೇಕು, ಅಷ್ಟೆ. ಮೂರು ವರ್ಷ ಚಹಾ ಮಾಡಿದವನು ನಾನೇ. ಆಮೇಲೆ ಒಂದು ದಿನ ಕರುಣೆ ಬಂದು ಹೇಳಿದ, "ಚಲೋ ಎಲಿ ಬಂದ್ರ ನಿಮ್ಮ ಕಿವಿ ಕೆಂಪಾಗ್ತಾವ್ರಿ ಮಾಸ್ತರ್."

"ಮೊದಲ ಹೇಳಾಕ ಏನಾಗಿತ್ತಪ?"

"ಹೇಳಿದ್ರ ಚಾ ಯಾರು ಮಾಡ್ತಿದ್ರಿ?"

ಅವನಿಗೊಂದು ಸೂತ್ರವಿತ್ತು: "ಗೊತ್ತಿಲ್ಲದಾವನ ಕೂಡ ಮೊದಲನೇ ಆಟ ಸೋಲಾಕ ಆಡಬೇಕು. ಸೋತು ಅವನ್ನ ತಿಳ್ಕೋಬೇಕು. ನಡುವಿನ ಎಲಿ ಹಿಡದು ಶೂರ ಆಗಬಾರ್ದು."

ಒಂದೇ ಆಟ ಆಡುವುದಿದ್ದರೆ ಏನು ಮಾಡಬೇಕು ಎಂಬುದು ಆ ಸೂತ್ರದಲ್ಲಿ ಇರಲಿಲ್ಲ.

ಅವನ ಹೊಲ ಕಾಲುವೆಯ ಕಟ್ಟಕಡೆಯ ತೂಬಿಗೆ. ಆ ವರ್ಷ ಅದೇ ತೂಬಿನ ಇನ್ನೊಂದು ಹೊಲಕ್ಕೆ ಸುಬ್ಬಯ್ಯ ಎಂಬಾತ ಆಂಧ್ರದ ಕಡೆಯಿಂದ ಹೊಸದಾಗಿ ಬಂದಿದ್ದ. ಮಾತು ಕಡಿಮೆ, ಎಂಥವನೆಂದು ಯಾರಿಗೂ ತಿಳಿಯದು. ಭತ್ತ ಹಾಲುಗಾಳು ಕಟ್ಟುತ್ತಿತ್ತು. ಕಾಲುವೆ ಬಂದಾಗುವ ಮುಂಚೆ ಇಬ್ಬರಿಗೂ ಸೇರಿ ಉಳಿದದ್ದು ಹನ್ನೆರಡು ತಾಸು ನೀರು. ಒಂದು ಹೊಲ ಪೂರ್ತಿ ತೊಯ್ಯಲು ಎಂಟು ತಾಸು ಬೇಕು. ಆರಾರು ಹಂಚಿಕೊಂಡರೆ ಇಬ್ಬರ ಹೊಲವೂ ಅರೆಬರೆ. ಎರಡು ದಿನ ಬಾಯಿಜಗಳ ಆಡಿದರು. ಕೊನೆಗೆ ಭೀಮಣ್ಣನೇ, "ಜಗಳಕ್ಕಿಂತ ಎಲಿ ಚಲೋ. ಒಂದ ಆಟ" ಎಂದ. ಸುಬ್ಬಯ್ಯ ಹೂಂ ಅಂದ.

ತಲಾ ಆರು ಬೆಂಕಿಕಡ್ಡಿ, ಕಡ್ಡಿಗೆ ಒಂದು ತಾಸು. ಎಲೆ ಹಂಚಿದವನು ನಾನು. ಹಂಚಿ ಭೀಮಣ್ಣನ ಬೆನ್ನ ಹಿಂದೆ ಕುಳಿತೆ. "ಮೊದಲ ಕಿವಿಗಿ ಟಾವೆಲ್ ಸುತ್ಕೋರಿ" ಎಂದ, ಸುತ್ತಿಕೊಂಡೆ. ಅವನಿಗೆ ಬಂದದ್ದು ಐದರ ಜೋಡಿ. ಗೆಲ್ಲುವಷ್ಟು ದೊಡ್ಡದಲ್ಲ, ಬಿಸಾಕುವಷ್ಟು ಸಣ್ಣದೂ ಅಲ್ಲ. ಇಬ್ಬರೂ ಎರಡೆರಡು ಕಡ್ಡಿ ಇಟ್ಟ ಮೇಲೆ ಸುಬ್ಬಯ್ಯ ಉಳಿದ ನಾಲ್ಕನ್ನೂ ಒಟ್ಟಿಗೆ ಮುಂದೆ ನೂಕಿದ.

ಭೀಮಣ್ಣ ಎಲೆ ಮುಚ್ಚಿದರೆ ನಾಲ್ಕು ತಾಸು ಉಳಿಯುತ್ತದೆ, ಅರ್ಧ ಹೊಲ ಬದುಕುತ್ತದೆ. ತಾನೂ ನಾಲ್ಕು ಇಟ್ಟು ಗೆದ್ದರೆ ಎಲ್ಲ ನೀರೂ ಅವನದು. ಸೋತರೆ ಒಂದು ತೆನೆಯೂ ಕೈಗೆ ಬಾರದು. ತಂಬಿಗೆ ಕೊಟ್ಟ. ಸುಬ್ಬಯ್ಯ ಒಂದು ಹನಿ ಚೆಲ್ಲದೆ ಗಟಗಟ ಕುಡಿದು ಕೆಳಗಿಟ್ಟ. ಭೀಮಣ್ಣ ಬಹಳ ಹೊತ್ತು ನೋಡಿದ. ಆಮೇಲೆ, "ಬಿಟ್ಟೆ" ಎಂದು ಎಲೆ ಸರಿಸಿದ.

ಬಿಟ್ಟ ಮೇಲೆ ಎದುರಿನವನ ಎಲೆ ಕೇಳುವ ಹಾಗಿಲ್ಲ. ಆದರೆ ಕಟ್ಟು ಕೂಡಿಸುವಾಗ ನಾನು ನೋಡಿದೆ. ಗುಲಾಮ, ಒಂಬತ್ತು, ಮೂರು. ಬರೀ ಕಸ.

ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಭೀಮಣ್ಣನ ಹೊಲದ ಮೇಲಿನ ಅರ್ಧ ಒಣಗಿತು. ಅವನ ಹೆಂಡತಿ ಗುರುಬಾಯಿ ಅದನ್ನು ದನಕ್ಕೆ ಕೊಯ್ದು ಹಾಕಿ, ನಮ್ಮಿಬ್ಬರ ಜೊತೆಗೂ ತಿಂಗಳುಗಟ್ಟಲೆ ಮಾತಾಡಲಿಲ್ಲ. ಆಗ ಹೇಳಲು ಬಾಯಿ ಬರಲಿಲ್ಲ. ಮುಂದೆ ಭೀಮಣ್ಣ, ಸುಬ್ಬಯ್ಯ ಜೀವದ ಗೆಳೆಯರಾದರು. ಅಂಗಳದಲ್ಲಿ ಆಡಿ ಆಡಿ, ಸುಬ್ಬಯ್ಯ ಕೈಯಲ್ಲಿ ದೊಡ್ಡ ಎಲೆ ಇಲ್ಲದೆ ಎಂದೂ ಪಣ ಏರಿಸುವವನಲ್ಲ ಎಂದು ಭೀಮಣ್ಣನಿಗೆ ಖಾತ್ರಿಯಾಯಿತು. "ಅವತ್ತು ದೊಡ್ಡ ಎಲಿ ಇದ್ದವು ಅವನ ಕಡಿ. ಬಿಟ್ಟೆ, ಅರ್ಧ ಹೊಲ ಉಳೀತು. ಆಟ ಅಂದ್ರ ಅದು!" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಅವನು ಹಾಗೆ ಹಿಗ್ಗುವಾಗ ನಾನು ತಲೆ ತಗ್ಗಿಸುತ್ತಿದ್ದೆ. ನಾಚಿಕೆಯಾಗುತ್ತಿತ್ತು.

ನನಗೆ ಶಹಾಪುರಕ್ಕೆ ವರ್ಗವಾಗಿ ವರ್ಷಗಳೇ ಕಳೆದವು. ಅವನು ಹಾಸಿಗೆ ಹಿಡಿದ ಸುದ್ದಿ ಕೇಳಿ ನೋಡಲು ಹೋದೆ. ಹೊರಸಿನ ಪಕ್ಕದಲ್ಲಿ ಸುಬ್ಬಯ್ಯ ಕುಳಿತಿದ್ದ. ಭೀಮಣ್ಣ ಅದೇ ಕಥೆ ತೆಗೆದ. "ಈಗರ ಹೇಳೋ ಸುಬ್ಬಯ್ಯ, ಏನಿತ್ತು ನಿನ್ನ ಕೈಯಾಗ?"

ಸುಬ್ಬಯ್ಯ ನೆಲ ನೋಡುತ್ತ ಹೇಳಿದ, "ಏನೂ ಇದ್ದಿಲ್ಲ ಭೀಮಣ್ಣ. ಆ ಬೆಳಿ ಹೋಗಿದ್ರ ಹೊಲ ಬಿಟ್ಟು ಊರಿಗಿ ಹೊಳ್ಳಿ ಹೋಗೋದಿತ್ತು."

 ಭೀಮಣ್ಣ ಕೆಮ್ಮು ಬರುವಷ್ಟು ನಕ್ಕ. "ಭಪ್ಪರೆ ಮಗನ! ಚಲೋ ಆಡಿದಿ!"

ನಗು ನಿಂತಿತು. ನನ್ನ ಕಡೆ ತಿರುಗಿದ.

"ಎಲಿ ಕೂಡಿಸಿದಾವ್ರು ನೀವ ಅಲ್ರೀ, ಮಾಸ್ತರ್?"

"ಹೌದು."

"ಇವಾ ಗೊತ್ತಿಲ್ಲದಾವ ಇದ್ದ. ಮುಚ್ಚಿಟ್ಟ, ಅದು ಆಟ. ನೀವು ಯಾಕ್ರಿ?"

ಕೇಳಿ ಗೋಡೆಯ ಕಡೆ ಮಗ್ಗುಲಾದ. ನಾನು ಸಂಜೆಯ ಬಸ್ಸು ಹಿಡಿದು ಬಂದೆ. ಹತ್ತು ದಿನಕ್ಕೆ ಅವನು ತೀರಿಕೊಂಡ.