ಕಾಲೇಜು ಹುಡುಗರಿಗಾಗಿ ಶ್ರುತಿ ಇಳಿಸಿದ ಸಮಾಧಾನಮ್ಮ

ಬೆಳಗಿನ ಐದು ಗಂಟೆ. ಹಾಸನದ ಮಿಷನ್ ಆಸ್ಪತ್ರೆಯ ಹಿತ್ತಲಲ್ಲಿ ಮೂರು ಹಂಡೆಗಳ ಕೆಳಗೆ ಸೌದೆ ಧಗಧಗ ಉರಿಯುತ್ತಿದೆ. ಸಮಾಧಾನಮ್ಮ ಹಬೆಗೆ ಮುಖ ತಿರುಗಿಸಿಕೊಂಡು, ಉದ್ದನೆಯ ಕೋಲಿನಿಂದ ಹಾಸಿಗೆಬಟ್ಟೆಗಳನ್ನು ಅದುಮುತ್ತಿದ್ದಾರೆ. ದಿನಕ್ಕೆ ಅರವತ್ತು ದುಪ್ಪಟಿ, ಎರಡು ಬುಟ್ಟಿ ಬ್ಯಾಂಡೇಜು. ಎಂಟು ಗಂಟೆಗೆ ಎಲ್ಲ ಹಗ್ಗದ ಮೇಲಿರಬೇಕು.

“ದೂರ ನಿಂತ್ಕೊಳ್ಳಪ್ಪ, ಕಾಗ್ದ ಎಲ್ಲಾ ನೆಂದೋಯ್ತದೆ. ನನ್ ಇಸ್ಯ ಬರ್ಕೊಳಕ್ಕೆ ನಾನೇನು ಡಾಕ್ಟ್ರಾ?” ಎಂದು ನಗುತ್ತಾರೆ.

ಊರಿನವರಿಗೆ ಇವರು ಆಸ್ಪತ್ರೆ ಬಟ್ಟೆ ಒಗೆಯುವಾಕೆ, ಅಷ್ಟೇ. ಬುಧವಾರ, ಶನಿವಾರ ಸಂಜೆ ಚರ್ಚಿನ ಹಿಂದಿನ ಕೋಣೆಗೆ ಹೋಗಿ ನೋಡಬೇಕು! ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಂದು ಬಾಡಿಗೆ ರೂಮುಗಳಲ್ಲಿದ್ದು ಬಿ.ಎ., ಬಿ.ಎಸ್ಸಿ. ಓದುವ ಹುಡುಗರು ಚಾಪೆಯ ಮೇಲೆ ಕೂತು ಹಾಡುತ್ತಿರುತ್ತಾರೆ. ಹಾರ್ಮೋನಿಯಂ ಮುಂದೆ ಸಮಾಧಾನಮ್ಮ. ನಾಲ್ಕು ಹಾಡು, ಬೈಬಲಿನ ಒಂದು ಅಧ್ಯಾಯ, ಪ್ರಾರ್ಥನೆ, ಆಮೇಲೆ ಬೆಲ್ಲದ ಕಾಫಿ. ಕಾಲೇಜಿನವರಿಗೆಂದೇ ಇಂಥ ಸೇವೆ ಈ ಚರ್ಚಿನ ಸಭೆಯಲ್ಲಿ ಹಿಂದೆಂದೂ ಇರಲಿಲ್ಲ. ಇವರು ಶುರು ಮಾಡಿದ್ದು ಕಳೆದ ವರ್ಷ, 1963ರ ಜುಲೈನಲ್ಲಿ.

“ಐಕ್ಳು ಬಾನ್ವಾರ ಚರ್ಚಲ್ಲಿ ಇಂದ್ಗಡೆ ಬೆಂಚಲ್ಲಿ ಕೂತ್ಕೊಳೋರು. ಹಾಡು ಮುಗಿಯೋಗಂಟ ಇರೋರು, ಪಾದ್ರಿ ಅಯ್ನೋರು ಪ್ರಸಂಗ ಮಾಡಕ್ಕೆ ನಿಂತ್ರು ಅಂದ್ರೆ ಮೆಲ್ಗೆ ಜಾರ್ಕೊಳೋರು. ಹಾಡೊಂದಕ್ಕೆ ಕುಂತವಲ್ಲ, ಅದ್ನೇ ಇಡ್ಕೊಂಡು ಕೂರ್ಸಾನ ಅಂದ್ಕಂಡೆ.”

ಹುಟ್ಟಿದ್ದು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ, ಕೂಲಿಯವರ ಮನೆಯಲ್ಲಿ. ಓದು ಮೂರನೇ ಕ್ಲಾಸಿಗೆ ನಿಂತಿತು. ಇಪ್ಪತ್ತನಾಲ್ಕಕ್ಕೆ ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿ ಹದಿನೇಳು ವರ್ಷ. ಹಾರ್ಮೋನಿಯಂ ಹೇಳಿಕೊಟ್ಟವರು ನಾಟಕ ಕಂಪನಿಯ ಮೇಷ್ಟ್ರು ಬೋರಪ್ಪ. ಕಾಲು ಮುರಿದುಕೊಂಡು ಇದೇ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿದ್ದರು. ಇವರು ಅವರ ಬಟ್ಟೆ ಒಗೆದರು, ಅವರು ಇವರಿಗೆ ಹಾರ್ಮೋನಿಯಂನ ಮನೆಗಳ ಮೇಲೆ ಬೆರಳಿಡುವುದನ್ನು ಕಲಿಸಿದರು.

ಮೊದಲ ತಿಂಗಳು ಹನ್ನೊಂದು ಜನ ಬಂದರು. ಮೂರನೇ ತಿಂಗಳಿಗೆ ಉಳಿದವರು ಮೂವರು. ಸಭೆಯ ಹಿರಿಯರೊಬ್ಬರು ಬಂದು ನೋಡಿ, “ಮೂರು ಜನಕ್ಕೆ ಒಂದು ಕೋಣೆ ಯಾಕಮ್ಮ? ಸಂಡೆ ಸ್ಕೂಲ್ ಮಕ್ಕಳು ಜಾಗ ಇಲ್ಲದೆ ಜಗುಲಿಯಲ್ಲಿ ಕೂರ್ತಾರೆ. ಈ ತಿಂಗಳ ಕೊನೇ ಭಾನುವಾರ ಆರಾಧನೆಯಲ್ಲಿ ನಿಮ್ಮ ಗುಂಪು ಹಾಡಲಿ. ಅದೂ ಆಗದಿದ್ರೆ ಬೀಗದ ಕೈ ವಾಪಸ್ ಕೊಡಿ” ಎಂದರು.

“ಬಟ್ಟೆ ಒಗ್ಯೋಳ ತಾವ ಏನ್ ಕಲ್ಯೋದು ಅಂತ ನಾಚ್ಕೆ ಆಯ್ತೇನೋ ಐಕ್ಳಿಗೆ ಅಂದ್ಕಂಡೆ. ಆ ವಾರ ಅನ್ನ ಇಳೀಲಿಲ್ಲ ಕಣಪ್ಪ.”

ನಿಜವಾದ ಕಾರಣ ಬಾಯಿಬಿಟ್ಟವನು ಚನ್ನರಾಯಪಟ್ಟಣದ ಪಾಲಾಕ್ಷ. ಅವನು ಚರ್ಚಿನವನಲ್ಲ, ಗೆಳೆಯನ ಜೊತೆ ತಬಲ ಬಾರಿಸಲು ಬರುವವನು.

“ಅಕ್ಕಾ, ಬೈಬ್ಯಾಡಿ. ನಿಮ್ ಶ್ರುತೀಗೆ ಹಾಡಿದ್ರೆ ನಮ್ ಕತ್ತು ಇಸುಕ್ದಂಗಾಯ್ತದೆ. ದೇವ್ರು ಬರೋದ್ರೊಳಗೆ ನಮ್ ಪ್ರಾಣ ಓಯ್ತದೆ!”

“ಮೊದ್ಲೇ ಬೊಗಳಕ್ಕೆ ಏನಾಗಿತ್ಲಾ ನಿಂಗೆ?”

ಆಗಿದ್ದಿಷ್ಟು. ಈ ಚರ್ಚಿನಲ್ಲಿ ಹಾಡುವವರು ನರ್ಸುಗಳು, ಆಯಾಗಳು, ಎಲ್ಲರೂ ಹೆಂಗಸರು. ಸಮಾಧಾನಮ್ಮ ಅಷ್ಟೂ ವರ್ಷ ಅವರಿಗೆ ಹಾರ್ಮೋನಿಯಂನ ಐದನೇ ಕಪ್ಪು ಮನೆಯ ಎತ್ತರದ ಶ್ರುತಿಯಲ್ಲೇ ಬಾರಿಸಿಕೊಂಡು ಬಂದಿದ್ದರು. ಗಂಡುಹುಡುಗರಿಗೆ ಅಲ್ಲಿ ಗಂಟಲು ಏರುವುದಿಲ್ಲ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಹುಡುಗರಿಗೋ ಹೇಳಲು ಸಂಕೋಚ.

ಅವತ್ತೇ ಮೊದಲನೇ ಬಿಳಿ ಮನೆಗೆ ಇಳಿಸಿದರು. ಪಾಲಾಕ್ಷ ರೂಮು ರೂಮಿಗೆ ಹೋಗಿ ಹೇಳಿ ಬಂದ. ಹುಡುಗರು ವಾಪಸ್ ಬಂದರು. ಆದರೆ ಅಷ್ಟು ತಗ್ಗಿನಲ್ಲಿ ಸಮಾಧಾನಮ್ಮನ ದನಿ ಹೊರಡುವುದಿಲ್ಲ, ಮೇಲಿನ ಸ್ಥಾಯಿಗೆ ಹೋದರೆ ಕೀರಲು. ಅಭ್ಯಾಸದಲ್ಲಿ ಮಟ್ಟನ್ನೆಲ್ಲ ಹಾರ್ಮೋನಿಯಂನಲ್ಲೇ ತೋರಿಸಿದರು, ಸಾಲುಗಳನ್ನು ಹಾಡದೆ ಬರೀ ಮಾತಿನಲ್ಲಿ ಹೇಳಿಕೊಟ್ಟರು. ಸಾಹಿತ್ಯ ಕೀರ್ತನೆಗಳ ಪುಸ್ತಕದ್ದು, ಮಟ್ಟು ಬೋರಪ್ಪ ಮೇಷ್ಟ್ರದು.

ಕೊನೆಯ ಭಾನುವಾರ ಒಂಬತ್ತು ಜನ ಹಾಡಿದರು. ಒಬ್ಬ ಎರಡನೇ ಚರಣ ಮರೆತು ಮೊದಲನೆಯದನ್ನೇ ಇನ್ನೊಮ್ಮೆ ಹಾಡಿದ, ಮಿಕ್ಕವರು ಅವನನ್ನೇ ಹಿಂಬಾಲಿಸಿದರು. ಯಾರಿಗೂ ಗೊತ್ತಾಗಲಿಲ್ಲ. ಆರಾಧನೆ ಮುಗಿದ ಮೇಲೆ ಆ ಹಿರಿಯರೇ ಬಂದರು. “ಕೋಣೆ ನಿಮಗೇ ಇರಲಿ. ಆದ್ರೆ ನಿಮ್ಮ ದನೀನೇ ಕೇಳಿಸಲಿಲ್ಲವಲ್ಲಮ್ಮ?”

“ಅವ್ರು ಹಾಡಿದ್ರಲ್ಲ ಸಾ, ಸಾಕು” ಎಂದರಂತೆ ಇವರು.

ಈಗ ಬರುವವರು ಹದಿನಾಲ್ಕು ಜನ. ಪ್ರಸಂಗಕ್ಕೂ ಕೂರುತ್ತಾರೆ, ಎಲ್ಲರೂ ಅಲ್ಲ. ಇನ್ನೇನಾದರೂ ಆಸೆ ಇದೆಯೇ ಎಂದರೆ ಸಮಾಧಾನಮ್ಮ ದುಪ್ಪಟಿಯೊಂದನ್ನು ಹಿಂಡಿ ಕೊಡವುತ್ತಾರೆ.

“ಕಾಲೇಜ್ಗೆ ಈಗೀಗ ಎಣ್‌ಮಕ್ಳೂ ಬತ್ತಾವಂತೆ. ನಾಕು ಜನ ಬಂದ್ರೂ ಸಾಕು, ಅವ್ರಿಗೇಂತ ಸುಕ್ರವಾರ ಇಟ್ಕತೀನಿ. ಆವತ್ತು ನಾನೂ ಹಾಡಬೋದು.”