ಕುಮಟೆಯಿಂದ ಬಂದ ಪೆಟ್ಟಿಗೆ

ಮಂಗಲಾ ನಾಯ್ಕ ಕಳೆದ ಗುರುವಾರ ಮಧ್ಯಾಹ್ನ ಹೊನ್ನಾವರದಲ್ಲಿ ಹೃದಯಾಘಾತದಿಂದ ತೀರಿಕೊಂಡಳು. ನಾನು ಜೊತೆಯಲ್ಲಿದ್ದೆ.

ಹಳದೀಪುರದ ಶಾಲೆಯಿಂದಲೂ ನಾವು ಗೆಳತಿಯರು. ನಾನು ಪುಸ್ತಕ ಹಿಡಿದು ಕೂತರೆ ಅವಳು ಮನೆಯ ರೇಡಿಯೊ ಬಿಚ್ಚಿಕೊಂಡು ಕೂರುತ್ತಿದ್ದಳು. ಡಿಪ್ಲೊಮಾ ಮುಗಿಸಿ ಅವಳು ಹೊನ್ನಾವರದಲ್ಲಿ ರಿಪೇರಿ ಅಂಗಡಿ ತೆರೆದಾಗ, ಕಂಬ ಹತ್ತಿ ಕೇಬಲ್ ಎಳೆಯುವ ಹೆಂಗಸನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. "ನೋಡೂದಾದ್ರೆ ಏಣಿನಾದ್ರೂ ಹಿಡ್ಕಳಿ" ಎಂದು ಮೇಲಿಂದಲೇ ಕೂಗುತ್ತಿದ್ದಳು. ಹಿಡಿಯುತ್ತಿದ್ದರು. ಆಮೇಲೆ ಭಟ್ಕಳದಿಂದ ಕುಮಟೆಯವರೆಗೆ ಕ್ಯಾಮೆರಾ, ನೆಟ್‌ವರ್ಕ್ ಏನು ಕೈಕೊಟ್ಟರೂ ಅವಳಿಗೇ ಫೋನು.

ಆ ಗುರುವಾರ ಇಬ್ಬರೂ ಇಡಗುಂಜಿಗೆ ಹೊರಟಿದ್ದೆವು. ಬಂದರಿನ ಹತ್ತಿರದ ಕೋಲ್ಡ್ ಸ್ಟೋರೇಜಿನಿಂದ ಫೋನು ಬಂತು, ಗಾಡಿ ತಿರುಗಿಸಿದಳು.

ಮೀನುಗಾರಿಕೆ ನಿಷೇಧದ ತಿಂಗಳುಗಳಲ್ಲಿ ಮಾರಲೆಂದು ಮೀನು ಮಾರುವ ಹೆಂಗಸರು ಅಲ್ಲಿ ಬಂಗಡೆ, ಸಿಗಡಿ ಕೂಡಿಟ್ಟಿದ್ದರು. ಥಂಡಿ ನಿಯಂತ್ರಿಸುವ ಪೆಟ್ಟಿಗೆ ಕೆಟ್ಟದ್ದರಿಂದ ಹಿಂದಿನ ದಿನ ಬೇರೊಂದನ್ನು ತಂದು ಕೂರಿಸಿದ್ದರು. ಆಗಿನಿಂದ ಕೋಣೆಯ ಥಂಡಿ ಕಡಿಮೆಯಾಗುತ್ತಿತ್ತು. ತರುವಾಗ ಪೆಟ್ಟಿಗೆಯ ಪರದೆ ಒಡೆದಿತ್ತು. ಇನ್ನು ಕಂಪ್ಯೂಟರಿನಿಂದ ಮಾತ್ರ ಅದನ್ನು ಸರಿಮಾಡಬಹುದು. ಅದಕ್ಕೆ ನೆಟ್‌ವರ್ಕಿನಲ್ಲಿ ಅದರ ವಿಳಾಸ ಗೊತ್ತಿರಬೇಕು. ಮ್ಯಾನೇಜರ್ ಶಿಶಿರ ತಮ್ಮ ನೆಟ್‌ವರ್ಕಿನ ವಿಳಾಸಗಳನ್ನೆಲ್ಲ ತಡಕಿ ಸೋತಿದ್ದ.

ಬಾಗಿಲಲ್ಲಿ ಮೀನಿನ ಗಂಗಿ ನಿಂತಿದ್ದಳು. "ಮೇಲಿನ ಸಾಲು ಕರಗೂಕೆ ಹಿಡದದೆ. ಇದು ಹೋದ್ರೆ ಮಳೆಗಾಲ ಪೂರ್ತಿ ನಾವು ಎಂತ ತಿನ್ನೂದು?"

ಮಂಗಲಾ ಶಿಶಿರನತ್ತ ತಿರುಗಿದಳು. "ಪೆಟ್ಟಿಗೆ ಎಲ್ಲಿಂದ ತಂದದ್ದು?"

"ನಮ್ಮದೇ ಕುಮಟೆ ಗೋದಾಮಿಂದ, ಅಕ್ಕಾ. ಅಲ್ಲಿ ತರಕಾರಿ ಇಡ್ತಿದ್ರು."

ಅವಳು ನಕ್ಕಳು. "ಕುಮಟೆಯಿಂದ ಬಂದ ಸೊಸೆ ಮಾರಾಯಾ ಇದು. ಯಾವ ಮನೆಯವಳೇ ಅಂತ ಕೇಳಿದ್ರೆ ಇನ್ನೂ ತವರುಮನೆ ಹೆಸರೇ ಹೇಳ್ತದೆ. ನೀನು ಹೊನ್ನಾವರದ ಕೇರಿ ಎಲ್ಲಾ ಹುಡುಕ್ದೆ."

"ಹಾಂಗಾರೆ ಅದು ತವರಿಗೆ ಓಡೂದ್ರೊಳಗೆ ಹಿಡಿಯೇ!" ಎಂದಳು ಗಂಗಿ.

ಮಂಗಲಾ ಪೆಟ್ಟಿಗೆಯ ನೆಟ್‌ವರ್ಕ್ ಕೇಬಲನ್ನು ಕಿತ್ತು ನೇರವಾಗಿ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, "ಈಗ ಒಮ್ಮೆ ಆಫ್ ಮಾಡಿ ಆನ್ ಮಾಡು" ಎಂದಳು ಶಿಶಿರನಿಗೆ.

ಗಂಗಿ ಸ್ವಿಚ್ಚಿಗೆ ಅಡ್ಡ ನಿಂತಳು. "ಇದ್ದ ಥಂಡಿನೂ ಹೋಗ್ತದೆ!"

"ಎದ್ದ ಕೂಡಲೆ ಅದು ತನ್ನ ಹೆಸರು ಕೂಗ್ತದೆ, ಗಂಗಕ್ಕಾ. ಆ ಕೂಗು ಕೇಳೂಕೇ ನಾನು ಕೂತದ್ದು."

ಗಂಗಿ ಸರಿದಳು. ಪೆಟ್ಟಿಗೆ ಆರಿತು, ಮತ್ತೆ ಹೊತ್ತಿತು. ಲ್ಯಾಪ್‌ಟಾಪಿನ ಮೇಲೆ ಒಂದು ಸಾಲು ಮೂಡಿತು. ಕುಮಟೆ ಗೋದಾಮಿನ ನೆಟ್‌ವರ್ಕಿಗೆ ಸೇರಿದ ವಿಳಾಸ. ಒಳಹೊಕ್ಕು ನೋಡಿದರೆ ಪೆಟ್ಟಿಗೆ ಇನ್ನೂ ತರಕಾರಿಗೆ ಬೇಕಾದಷ್ಟೇ ಥಂಡಿ ಕೊಡುತ್ತಿತ್ತು. ಅವಳು ಅದನ್ನು ಮೀನಿಗೆ ಬೇಕಾದಷ್ಟಕ್ಕೆ ಹೆಚ್ಚಿಸಿದಳು. ಕಂಪ್ರೆಸರ್ ಗುಡುಗಿತು. ಗೋಡೆಯ ಥರ್ಮಾಮೀಟರ್ ಇಳಿಯತೊಡಗಿದಾಗ ಗಂಗಿ ಅಳುತ್ತ ಮಂಗಲಾಳ ಗಲ್ಲ ಹಿಡಿದಳು. ಇವಳು ನನ್ನ ಗೆಳತಿ ಎಂದು ಅಲ್ಲಿದ್ದವರಿಗೆಲ್ಲ ಹೇಳಬೇಕೆನ್ನಿಸಿತು ನನಗೆ.

ಮಂಗಲಾ ಬೆವರುತ್ತಿದ್ದಳು. "ಎದೆ ಹಿಡಿದಂಗೆ ಆಗ್ತದೆ. ಗ್ಯಾಸು ಕಾಣ್ತದೆ" ಎಂದಳು.

"ಏಳು, ಡಾಕ್ಟರ ಹತ್ರ ಹೋಗುವ" ಎಂದೆ.

"ತಡಿ. ನಾಳೆ ಬಂದವ್ರು ಮತ್ತೆ ಹುಡುಕೂದು ಬೇಡ."

ಪೆಟ್ಟಿಗೆಗೆ ಹೊನ್ನಾವರದ ನೆಟ್‌ವರ್ಕಿನ ಹೊಸ ವಿಳಾಸ ಕೊಟ್ಟು, ಕೇಬಲನ್ನು ಅದರ ಜಾಗಕ್ಕೆ ಸಿಕ್ಕಿಸಿದಳು. ಮುಚ್ಚಳದ ಧೂಳನ್ನು ದುಪಟ್ಟಾದಿಂದ ಒರೆಸಿ, ಮಾರ್ಕರಿನಲ್ಲಿ ಆ ವಿಳಾಸವನ್ನು ದೊಡ್ಡದಾಗಿ ಬರೆದಳು.