ಮೂವತ್ತೊಂದು ಬಳ್ಳಿಗಳ ತಂಬಿಗೆಯಕ್ಕ

ಬೆಳಗಿನ ಐದೂವರೆ. ಹಿತ್ತಲಿನ ದೀಪ ಇನ್ನೂ ಆರಿಲ್ಲ. ಅಕ್ಕ ರವಿಕೆಯ ತೋಳು ಮಡಚಿ, ಸೌತೆ ಬಳ್ಳಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಊರುತ್ತಾರೆ. ಒಳಗೆ ತೇವವಿದ್ದರೆ ಒಂದು ತಂಬಿಗೆ ನೀರು, ಒಣಗಿದ್ದರೆ ಎರಡು. ಅದೂ ಬುಡಕ್ಕಷ್ಟೇ, ಸದ್ದಾಗದಂತೆ. ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನಾನು, ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಎಲೆಯ ಮೇಲೆ ಸುರಿದುಬಿಟ್ಟೆ. ಸರಿಯಾಗಿ ಮಂಗಳಾರತಿಯಾಯಿತು.

“ಅಯ್ಯೋ, ಅದಕ್ಕೇನು ಸ್ನಾನ ಮಾಡಿಸ್ತೀರಾ? ಬಾಯಿ ಕೆಳಗಿದೆ ಕಣ್ರೀ!”

ಬಡಾವಣೆಗೆಲ್ಲ ಇವರು ತಂಬಿಗೆಯಕ್ಕ. ಮೊದಲು ಇದೇ ಬೀದಿಯ ಮನೆಗಳಲ್ಲಿ ನೆಲ ಒರೆಸುತ್ತಿದ್ದರು. ಊರಿಗೆ ಹೊರಟ ಒಬ್ಬರು, ಬಳ್ಳಿಗೆ ಸ್ವಲ್ಪ ನೀರು ಹಾಕಿರು ಎಂದರಂತೆ. ಅವರು ಮರಳುವಷ್ಟರಲ್ಲಿ ಬಳ್ಳಿಯ ತುಂಬ ಕಾಯಿ. ಅದಾಗಿ ಹದಿನೆಂಟು ವರ್ಷ. ಈಗ ಒಂಬತ್ತು ಮನೆ, ಮೂವತ್ತೊಂದು ಬಳ್ಳಿ. ಎಂಟು ಗಂಟೆಯೊಳಗೆ ಎಲ್ಲವೂ ಮುಗಿಯಬೇಕು. ಮಂಡಿ ನೋಯುತ್ತದೆ, ಬೆರಳ ತುದಿ ಸದಾ ಒಡೆದಿರುತ್ತದೆ. “ಉಗುರಲ್ಲಿರೋ ಮಣ್ಣು ನೋಡಿ ನಮ್ಮನೆಯವರು, ‘ಇಷ್ಟರಲ್ಲೇ ಒಂದು ಬೀಜ ಬಿತ್ತಬಹುದು ಕಣೇ’ ಅಂತ ರೇಗಿಸ್ತಾರೆ,” ಎಂದು ನಗುತ್ತಾರೆ.

ಇಷ್ಟು ವರ್ಷ ಅವರ ಕೈಯ ನೀರಿನ ಬಗ್ಗೆ ಯಾರೂ ತುಟಿ ಬಿಚ್ಚಿರಲಿಲ್ಲ. ಕಳೆದ ತಿಂಗಳು ಮೂಲೆಮನೆಯ ಅಜ್ಜಿ ತಮ್ಮ ಬಳ್ಳಿಯ ಸೌತೆಯ ಒಂದು ಹೋಳು ಬಾಯಿಗಿಟ್ಟು, ಥೂ ಎಂದು ಉಗಿದರು. ಕಹಿ! ಅಳಿಯ ಅಂದೇ ಹೋಗಿ, ಹೊತ್ತಿಗೆ ಸರಿಯಾಗಿ ತಾನೇ ನೀರು ಬಿಡುವ ಟೈಮರ್ ಡಬ್ಬಿ ತಂದರು. ಮತ್ತೊಮ್ಮೆ ಕಹಿ ಬಂದರೆ ಅದನ್ನು ನಲ್ಲಿಗೆ ಜೋಡಿಸುವುದೆಂದು ತೀರ್ಮಾನ. ಒಂದು ಮನೆಗೆ ಡಬ್ಬಿ ಬಂದರೆ ಉಳಿದ ಎಂಟಕ್ಕೂ ಬರುತ್ತದೆ.

“ಅನ್ನ ಸೇರಲಿಲ್ಲ ಕಣ್ರೀ. ಬೈದಿದ್ರೂ ಪರವಾಗಿರಲಿಲ್ಲ, ಉಗಿದುಬಿಟ್ರಲ್ಲ!”

ಅಕ್ಕ ಸುಮ್ಮನೆ ಕೂರುವ ಪೈಕಿಯಲ್ಲ. ವಿಚಾರಿಸಿದರೆ ಬಂಡವಾಳ ಹೊರಬಿತ್ತು. ತಂಗಿ ಮಗಳ ಹೆರಿಗೆಗೆಂದು ಅಕ್ಕ ನಾಲ್ಕು ದಿನ ರಜೆ ಹಾಕಿದ್ದಾಗ, ಅಳಿಯ ನೀರು ಹಾಕಿಯಾರು ಎಂದು ಅಜ್ಜಿ, ಹೆಂಡತಿ ಹಾಕಿಯಾಳು ಎಂದು ಅಳಿಯ, ಅಮ್ಮ ಹಾಕಿಯಾಳು ಎಂದು ಮಗಳು. ಬಳ್ಳಿ ಬಾಯಾರಿ ಜೋತುಬಿತ್ತು. ಐದನೇ ಬೆಳಗ್ಗೆ ಮೂವರಿಗೂ ಕರುಳು ಚುರುಕ್ ಎಂದು, ಒಬ್ಬರಿಗೊಬ್ಬರು ಹೇಳದೆ ಬಕೆಟ್ ಬಕೆಟ್ ಸುರಿದರು. “ನಾಲ್ಕು ದಿನ ಉಪವಾಸ ಕೆಡವಿ ಐದನೇ ದಿನ ಗಂಟಲಮಟ್ಟ ತುಂಬಿಸಿದ್ರೆ ನಮಗೂ ಬಾಯಿ ಕಹಿಯಾಗಲ್ವಾ?”

ಈಗ ಆ ಮನೆಯ ಬಳ್ಳಿಯ ಪಕ್ಕದಲ್ಲಿ ಒಂದು ಹಳೇ ಲೋಟವಿದೆ. ನೀರು ಹಾಕಿದವರು ಅದನ್ನು ಬೋರಲು ಹಾಕಬೇಕು. ಬೋರಲಿದ್ದರೆ ಬೇರೆ ಯಾರೂ ಬಳ್ಳಿಯ ತಂಟೆಗೆ ಹೋಗಕೂಡದು. ಮರುದಿನ ಬೆಳಗ್ಗೆ ಅಕ್ಕ ಬಂದು ನೆಟ್ಟಗಿಡುತ್ತಾರೆ. ತಿಂಗಳಿಂದ ಈ ಕಟ್ಟಳೆ ತಪ್ಪಿಲ್ಲ.

ಆ ಬಳ್ಳಿಯಲ್ಲಿ ಹೊಸದಾಗಿ ಬಲಿತ ಮೊದಲ ಕಾಯಿ ಇವತ್ತು ಕೈಗೆ ಬಂದಿದೆ. ಅಡುಗೆಮನೆಯ ಬಾಗಿಲಲ್ಲಿ ಡಬ್ಬಿ ಹಿಡಿದು ಅಳಿಯ ನಿಂತಿದ್ದಾರೆ. ಅಕ್ಕ ಹೊಸ್ತಿಲಾಚೆ, ತಂಬಿಗೆ ಅವಚಿಕೊಂಡು. ಸೌತೆಯ ತುದಿ ಕೊಯ್ದು, ಬಿಳಿ ನೊರೆ ಬರುವ ತನಕ ಅದೇ ತುದಿಯಿಂದ ಉಜ್ಜಿ ಕಹಿ ತೆಗೆಯದೆ ಅಜ್ಜಿ ಈ ಜನ್ಮದಲ್ಲಿ ಒಂದು ಹೋಳೂ ತಿಂದವರಲ್ಲವಂತೆ. ಕಳೆದ ತಿಂಗಳು ಅಷ್ಟು ಉಜ್ಜಿದರೂ ಕಹಿ ಹೋಗಿರಲಿಲ್ಲ.

ಅಜ್ಜಿ ತುದಿ ಕೊಯ್ಯುತ್ತಾರೆ. ಅಕ್ಕನ ಮುಖವನ್ನೊಮ್ಮೆ ನೋಡುತ್ತಾರೆ. ತುದಿಯನ್ನು ಹಾಗೇ ಕಸದ ಬುಟ್ಟಿಗೆ ಎಸೆದು, ಹೋಳು ಮಾಡಿ ಬಾಯಿಗಿಡುತ್ತಾರೆ. ಕರುಂ ಕರುಂ ಸದ್ದು. ಎರಡನೇ ಹೋಳು. ಮೂರನೆಯದು.

“ಅಳಿಯಂದ್ರೇ, ಆ ಡಬ್ಬೀನ ಅಂಗಡಿಗೆ ವಾಪಸ್ ಕೊಟ್ಟುಬಿಡಿ. ಉಪ್ಪು ಎಲ್ಲೇ ಮಗಳೇ?”

ಗೇಟಿನಾಚೆ ಬಂದ ಮೇಲೆ, ಇನ್ನೇನು ಆಸೆಯಿದೆ ಎಂದು ಅಕ್ಕನನ್ನು ಕೇಳುತ್ತೇನೆ. ನನ್ನ ಪ್ರಶ್ನೆ ಅವರ ಕಿವಿಗೆ ಬಿದ್ದಂತಿಲ್ಲ. ಮುಖವೆಲ್ಲ ನಗು.

“ನೋಡಿದ್ರಾ? ಅಜ್ಜಿ ಉಜ್ಜಲೇ ಇಲ್ಲ!”